ಹಿಂದುಗಡೆ ಶೂಟಿಂಗ್ ನಡೀತಿದೆ

ನಾನು ಆಡಿದ ಒಂದು ಮಾತಿನಿಂದ ಒಬ್ಬ ಮುದುಕರ ಪ್ರಾಣ ಹೋಗುವುದರಲ್ಲಿತ್ತು. ಅವರಿಗೆ ಆಗ ಎಪ್ಪತ್ತರ ಹತ್ತಿರ, ನನಗೆ ಇಪ್ಪತ್ತೆಂಟು. ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿ, ಎರಡು ವರ್ಷ ಕಾಲೇಜಿನಲ್ಲಿ ಪಾಠವನ್ನೂ ಹೇಳಿ ಅಮೆರಿಕಕ್ಕೆ ಬಂದವಳು ನಾನು. ಆದ್ದರಿಂದ ಭಾಷೆ ಬರುತ್ತಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವ ಹಾಗೂ ಇಲ್ಲ.

ಎಂಬತ್ತರ ದಶಕದ ನಡುವಿನ ಮಾತು. ಸ್ಯಾನ್ ಹೊಸೆಯಿಂದ ಮಿಲ್ಪಿಟಾಸ್ ಕಡೆ ಹೋಗುವ ಫ್ರೀವೇ ಪಕ್ಕದಲ್ಲಿ ನಮ್ಮ ಅಪಾರ್ಟ್‌ಮೆಂಟು. ಯಜಮಾನರು ಎಲೆಕ್ಟ್ರಾನಿಕ್ಸ್ ಕಂಪನಿಯೊಂದರಲ್ಲಿ ಇಂಜಿನಿಯರು. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಆ ವರ್ಷ ಅತ್ತೆ ಮೈಸೂರಿನಿಂದ ಆರು ತಿಂಗಳ ಮಟ್ಟಿಗೆ ಬಂದಿದ್ದರು. ಅಡಿಗೆ, ಊಟ ಮುಗಿದರೆ ಮಧ್ಯಾಹ್ನ ನಮ್ಮಿಬ್ಬರಿಗೂ ಟಿವಿಯೇ ಗತಿ. ಮೂರು ಗಂಟೆಗೆ ಒಂದು ಲೋಕಲ್ ಚಾನೆಲ್ಲು ಹಳೆಯ ಕಪ್ಪುಬಿಳುಪು ಕೌಬಾಯ್ ಸರಣಿಯೊಂದನ್ನು ಮತ್ತೆ ತೋರಿಸುತ್ತಿತ್ತು. ಅತ್ತೆಗೆ ಇಂಗ್ಲಿಷ್ ಬಾರದು, ಆದರೆ ಆ ಕಥೆಗೆ ಇಂಗ್ಲಿಷ್ ಬೇಕಾಗಿಯೂ ಇರಲಿಲ್ಲ. ಪ್ರತಿ ಸಲವೂ ಅದೇ ಊರು, ಊರು ಕಾಯುವ ಅದೇ ಶೆರಿಫ್ಫು. ಹೊರಗಿನಿಂದ ಸೊಂಟಕ್ಕೆ ಪಿಸ್ತೂಲು ಕಟ್ಟಿಕೊಂಡ ಒಬ್ಬ ಕುದುರೆ ಮೇಲೆ ಬರುತ್ತಾನೆ, ಒಂದು ಗಂಟೆ ಇರುತ್ತಾನೆ, ಕೊನೆಗೆ ಬೀದಿಯಲ್ಲಿ ಗುಂಡು ತಿಂದು ಬೀಳುತ್ತಾನೆ. ಬರುವವನ ಹೆಸರನ್ನು ಮೊದಲೇ ದೊಡ್ಡ ಅಕ್ಷರದಲ್ಲಿ ತೋರಿಸುತ್ತಿದ್ದರು. ಅದೇನು ಬರೆದಿದ್ದಾರೆ ಎಂದು ಅತ್ತೆ ಕೇಳಿದಾಗ ಅತಿಥಿ ನಟ ಎಂದು ಹೇಳಿದೆ.

"ಅತಿಥಿ ಅಂತ ಕರೆಸಿ ಗುಂಡು ಹೊಡೆದು ಕಳಿಸ್ತಾರೇನೇ?" ಎಂದರು ಅತ್ತೆ. "ಇದ್ಯಾವ ಸೀಮೆ ಮರ್ಯಾದೆ!"

ಒಂದು ದಿನದ ಅತಿಥಿ ಅವರಿಗೆ ಬಹಳ ಹಿಡಿಸಿಬಿಟ್ಟ. ಉದ್ದ ಮುಖ, ಕೃಶ ದೇಹ, ಕಪ್ಪು ವೇಸ್ಟ್‌ಕೋಟು. ವಿಧವೆಯೊಬ್ಬಳ ಮನೆಗೆ ಬಂದವನು ಬಾಗಿಲಲ್ಲೇ ಟೋಪಿ ತೆಗೆದ, ಕೈ ತೊಳೆದ, ಊಟಕ್ಕೆ ಕೂತ. ಎರಡು ಚಮಚ ಬಾಯಿಗೆ ಹೋಗಿರಬೇಕು, ಹೊರಗಿನಿಂದ ಶೆರಿಫ್ ಕೂಗಿದ. ಇವನು ಬಾಯಿ ಒರೆಸಿಕೊಂಡು ಎದ್ದು ಹೋದ, ಬೀದಿಯಲ್ಲಿ ಸತ್ತ. ಅತ್ತೆಗೆ ಸಿಟ್ಟು ಬಂತು. ಊಟಕ್ಕೆ ಕೂತವರನ್ನು ಎಬ್ಬಿಸುವುದು ಅವರ ಲೆಕ್ಕದಲ್ಲಿ ಕೊಲೆಗಿಂತ ಕಡಿಮೆಯದೇನಲ್ಲ.

"ತಿಂದಾದ್ಮೇಲೆ ಹೊಡೀಬಾರದಿತ್ತಾ? ಐದು ನಿಮಿಷ ಕಾಯೋಕೆ ಏನು ರೋಗ ಅವನಿಗೆ?"

ಎರಡು ದಿನ ಕಳೆದ ಮೇಲೆ ನಾವಿಬ್ಬರೂ ಕೆಳಗಿನ ಲಾಂಡ್ರಿ ರೂಮಿನಲ್ಲಿದ್ದೆವು. ಅಲ್ಲಿ ಒಬ್ಬ ಎತ್ತರದ ಮುದುಕರು ಒಣಗಿದ ಕಾಲುಚೀಲಗಳನ್ನು ಜೋಡಿ ಮಾಡುತ್ತಿದ್ದರು. ಅತ್ತೆ ನನ್ನ ಮೊಣಕೈ ಹಿಡಿದು ಜಗ್ಗಿದರು.

"ಅವರೇ ಕಣೇ."

"ಯಾರು ಅತ್ತೆ?"

"ಊಟ ಬಿಟ್ಟು ಎದ್ದು ಹೋದವರು. ಕೇಳು. ಕೇಳೇ, ಏನಾಗಲ್ಲ."

ಮುಜುಗರ ಪಡುತ್ತಲೇ ಕೇಳಿದೆ. ಮುದುಕರ ಕೈಯಲ್ಲಿದ್ದ ಕಾಲುಚೀಲ ಹಾಗೇ ನಿಂತಿತು. ಹೌದು, ಆ ಪಾತ್ರ ಮಾಡಿ ಇಪ್ಪತ್ತು ವರ್ಷದ ಮೇಲಾಯಿತಂತೆ. ಯಾರೂ ಹೇಳದೆ ತಾವಾಗಿಯೇ ಗುರುತು ಹಿಡಿದವರು ಇವರೊಬ್ಬರೇ ಎಂದರು. ಊಟ ಅರ್ಧಕ್ಕೆ ಬಿಟ್ಟದ್ದರ ಬಗ್ಗೆ ಅತ್ತೆಗೆ ಎಷ್ಟು ಬೇಜಾರಾಗಿದೆ ಎಂದು ನಾನು ವಿವರಿಸಿದೆ. ಅವರು ಅತ್ತೆಯ ಕಡೆ ಸ್ವಲ್ಪ ಬಾಗಿ, ಅನುವಾದಕ್ಕೆ ಸಮಯ ಕೊಟ್ಟು ಕೊಟ್ಟು ಹೇಳಿದರು: "ಮೇಡಮ್ಮಿಗೆ ಹೇಳಿ, ಅದು ಬೀನ್ಸು. ಬೆಳಿಗ್ಗೆಯಿಂದ ತಟ್ಟೆಯಲ್ಲೇ ಇತ್ತು, ತಣ್ಣಗಾಗಿತ್ತು. ಎದ್ದು ಹೋಗಿ ಸತ್ತದ್ದೇ ವಾಸಿ."

ಅತ್ತೆ ಆವತ್ತೇ ಅವರನ್ನು ಊಟಕ್ಕೆ ಕರೆದರು. ಹೆಸರು ಬಾಯಿಗೆ ಬರಲಿಲ್ಲವಾದ್ದರಿಂದ ಟೋಪಿ ರಾಯರು ಎಂದು ತಾವೇ ಇಟ್ಟುಕೊಂಡರು. ಹೆಂಡತಿ ತೀರಿಕೊಂಡ ಮೇಲೆ, ಮಗಳು ಹತ್ತಿರದಲ್ಲಿದ್ದಾಳೆಂದು ಲಾಸ್ ಏಂಜಲಿಸ್ ಬಿಟ್ಟು ಬಂದವರು ಅವರು. ವಾರಕ್ಕೆ ಎರಡು ಮೂರು ಸಲ ನಮ್ಮಲ್ಲಿ ಊಟವಾಗತೊಡಗಿತು. ಅವರು ಮೊದಲು ಕಲಿತ ಕನ್ನಡ ಮಾತು "ಸಾಕು". ಅದನ್ನು ಮೆಲ್ಲಗೆ ಹೇಳಿದರೆ ಅತ್ತೆ ಇನ್ನೆರಡು ಸೌಟು ಹಾಕುತ್ತಾರೆಂದು ಗೊತ್ತಾದ ಮೇಲೆ, ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದು, ನಾಟಕದ ಗಂಟಲಲ್ಲಿ "ಸಾಕು! ಸಾಕು!" ಎನ್ನುವುದನ್ನು ರೂಢಿಸಿಕೊಂಡರು. ಆಗ ಮಾತ್ರ ಅತ್ತೆ ಸೌಟು ಹಿಂದೆ ತೆಗೆದುಕೊಳ್ಳುತ್ತಿದ್ದರು.

ಮುಖ್ಯ ಪಾತ್ರ ಅವರಿಗೆ ಒಂದೂ ಸಿಕ್ಕಿರಲಿಲ್ಲ. ಆರು ದಿನದ ಕೆಲಸ, ಐದನೆಯ ದಿನ ಸಾವು, ಆರನೆಯ ದಿನ ಕುದುರೆ ಮೇಲೆ ಊರಿಗೆ ಬರುವ ದೃಶ್ಯ. ಸತ್ತ ಮಾರನೆಯ ದಿನ ಊರಿಗೆ ಬರುತ್ತಿದ್ದೆ ಎಂದು ನಗುತ್ತಿದ್ದರು. ಪಿಸ್ತೂಲು ಎಳೆಯುವುದನ್ನು ಕನ್ನಡಿಯ ಮುಂದೆ ನಿಂತು ತಿಂಗಳುಗಟ್ಟಲೆ ಕಲಿತಿದ್ದರು. ಬೀಳುವುದಕ್ಕೂ ಒಂದು ಕ್ರಮ ಇತ್ತು. ಮೊದಲು ಮೊಣಕಾಲು, ಆಮೇಲೆ ಸೊಂಟ, ಕೊನೆಗೆ ಭುಜ. ಹಾಗೆ ಬಿದ್ದು ಬಿದ್ದು ಎರಡು ಮಂಡಿಯೂ ಹಾಳಾಗಿದ್ದವು. ಕಿವಿಯ ಹತ್ತಿರವೇ ಖಾಲಿ ತೋಟಾ ಹಾರಿಸಿದ್ದರಿಂದ ಬಲಗಿವಿ ಅಷ್ಟಾಗಿ ಕೇಳುತ್ತಿರಲಿಲ್ಲ.

ಅತ್ತೆ ವಾಪಸು ಹೊರಡಲು ಎರಡು ವಾರ ಉಳಿದಿತ್ತು. ಅವರಿಗೆ ಒಂದೇ ಯೋಚನೆ. "ನಾನು ಹೋಗಿ ಹೇಳಿದರೆ ನನ್ನ ತಂಗೀರು ನಂಬ್ತಾರೇನೇ? ಅಕ್ಕನಿಗೆ ಅಮೆರಿಕದ ಗಾಳಿ ಬಡೀತು ಅಂತಾರೆ."

ಯಜಮಾನರು ಆಫೀಸಿನ ಸ್ನೇಹಿತರೊಬ್ಬರಿಂದ ವೀಡಿಯೋ ಕ್ಯಾಮೆರಾ ತಂದರು. ಹೆಗಲ ಮೇಲೆ ಹೊತ್ತುಕೊಳ್ಳುವ ದೊಡ್ಡ ಕಪ್ಪು ಕ್ಯಾಮೆರಾ. ಇಲ್ಲಿಯ ಟೇಪು ಮೈಸೂರಿನ ಟಿವಿಯಲ್ಲಿ ಓಡುವುದೇ ಇಲ್ಲ ಎನ್ನುವುದು ನಮಗಾರಿಗೂ ಗೊತ್ತಿರಲಿಲ್ಲ. ರಾಯರು ಟ್ರಂಕಿನಿಂದ ಹಳೆಯ ಟೋಪಿ, ವೇಸ್ಟ್‌ಕೋಟು, ಬೆಲ್ಟು ತೆಗೆದರು. ಸ್ಟುಡಿಯೋದವರು ಕೊಟ್ಟಿದ್ದ ಪಿಸ್ತೂಲೂ ಇತ್ತು. ನಳಿಗೆಗೆ ಸೀಸ ತುಂಬಿ ಮುಚ್ಚಿದ್ದರು, ಅದರಿಂದ ಏನೂ ಹಾರುವ ಹಾಗಿರಲಿಲ್ಲ. ದೂರದಿಂದ ನೋಡಿದವರಿಗೆ ಮಾತ್ರ ಅದು ಪಿಸ್ತೂಲೇ.

ಶನಿವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕಟ್ಟಡದ ಹಿಂದೆ, ಕಾರು ನಿಲ್ಲಿಸುವ ಶೆಡ್ಡುಗಳ ನಡುವಿನ ಟಾರು ಜಾಗದಲ್ಲಿ ಎಲ್ಲ ಸಿದ್ಧವಾಯಿತು. ಆಚೆ ಬೇಸಿಗೆಗೆ ಒಣಗಿದ ಬೆಟ್ಟ ಕಾಣುತ್ತಿತ್ತು, ಅದು ಹಿನ್ನೆಲೆಗೆ ಚೆನ್ನಾಗಿದೆ ಎಂದು ರಾಯರೇ ಆರಿಸಿದ್ದು. ಅತ್ತೆ ಒಳ್ಳೆಯ ಸೀರೆ ಉಟ್ಟು ನೆರಳಿನಲ್ಲಿ ಮಡಿಚುವ ಕುರ್ಚಿ ಹಾಕಿಕೊಂಡು ಕೂತರು. ಮಧ್ಯೆ ಯಾರೂ ನಡೆದು ಬರದಂತೆ ಓಣಿಯ ಬಾಯಲ್ಲಿ ನಿಂತು ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ.

ಹತ್ತು ನಿಮಿಷದಲ್ಲಿ ಕೆಳಗಿನ ಮನೆಗೆ ಹೊಸದಾಗಿ ಬಂದಿದ್ದ ನರ್ಸು ಎರಡು ಕೈಯಲ್ಲೂ ಗ್ರೋಸರಿ ಚೀಲ ಹಿಡಿದು ಬಂದಳು. ಡ್ಯೂಟಿ ಮುಗಿಸಿ ಬಂದಿದ್ದಳು, ಬಿಳಿ ಯೂನಿಫಾರಮ್ಮು ಹಾಗೇ ಇತ್ತು. ನಾನು ನಗುಮುಖದಿಂದ ಅಡ್ಡ ಹೋಗಿ ಇಂಗ್ಲಿಷಿನಲ್ಲಿ ಹೇಳಿದೆ. ಆ ಮಾತುಗಳನ್ನು ಒಂದೂ ಬಿಡದೆ ಇಲ್ಲಿ ಕೊಡುತ್ತೇನೆ, ಅವು ನನಗೆ ಇನ್ನೂ ಬಾಯಿಪಾಠ.

"ದಯವಿಟ್ಟು ಆ ಕಡೆ ಹೋಗಬೇಡಿ. ಹಿಂದುಗಡೆ ಶೂಟಿಂಗ್ ನಡೀತಿದೆ."

"ಏನು?"

"ಶೂಟಿಂಗ್. ನನ್ನ ಗಂಡನೇ ಮಾಡ್ತಿದ್ದಾರೆ. ಒಬ್ಬರೇ ಮುದುಕರು. ಹತ್ತು ನಿಮಿಷದಲ್ಲಿ ಮುಗಿದುಹೋಗುತ್ತೆ."

ಅವಳು ನನ್ನ ಮುಖವನ್ನೇ ನೋಡಿದಳು. ನಾನು ಇನ್ನಷ್ಟು ನಕ್ಕೆ. ಅವಳು ಹಿಂದೆ ಹಿಂದೆ ಹೆಜ್ಜೆ ಇಟ್ಟು, ಚೀಲಗಳನ್ನು ಅಲ್ಲೇ ನೆಲಕ್ಕೆ ಬಿಟ್ಟು ತನ್ನ ಮನೆಗೆ ಓಡಿದಳು. ಬಾಗಿಲ ಚಿಲಕ ಬಿದ್ದ ಶಬ್ದ ಕೇಳಿಸಿತು. ಎಷ್ಟು ಒಳ್ಳೆಯವಳು, ಒಂದು ಮಾತು ಹೇಳಿದರೆ ಸಾಕು ಕೇಳುತ್ತಾಳೆ ಅಂದುಕೊಂಡು ಅವಳ ಚೀಲಗಳನ್ನು ಎತ್ತಿ ನೆರಳಿಗೆ ಇಟ್ಟೆ.

ನಮ್ಮೂರಿನಲ್ಲಿ ಶೂಟಿಂಗ್ ಎಂದರೆ ಒಂದೇ ಅರ್ಥ. ಬೀದಿಯಲ್ಲಿ ಶೂಟಿಂಗ್ ಇದೆ ಎಂದರೆ ಜನ ಮನೆಯಿಂದ ಹೊರಗೆ ಓಡಿ ಬರುತ್ತಾರೆ. ಅಮೆರಿಕದಲ್ಲಿ ಆ ಮಾತು ಕೇಳಿ ಜನ ಮನೆಯೊಳಗೆ ಓಡುತ್ತಾರೆ ಎನ್ನುವುದು ಇಷ್ಟು ಪುಸ್ತಕ ಓದಿದ ನನ್ನ ತಲೆಗೆ ಹೊಳೆಯಲಿಲ್ಲ.

ಮೊದಲ ಎರಡು ಸಲ ಯಜಮಾನರ ಕ್ಯಾಮೆರಾ ಸರಿಯಾಗಿ ನಿಲ್ಲಲಿಲ್ಲ. ಮೂರನೆಯ ಸಲ ರಾಯರು ನನಗೂ ಓಣಿಗೂ ಬೆನ್ನು ಮಾಡಿ, ಕ್ಯಾಮೆರಾದ ಎದುರು ಕಾಲು ಅಗಲಿಸಿ ನಿಂತರು. ಆಗಲೇ ಸೈರನ್ನಿಲ್ಲದೆ ಎರಡು ಪೊಲೀಸು ಕಾರುಗಳು ಓಣಿಗೆ ಬಂದು ನಿಂತವು. ಬಾಗಿಲುಗಳು ತೆರೆದವು. ಒಂದೊಂದು ಬಾಗಿಲ ಹಿಂದೆ ಒಬ್ಬೊಬ್ಬ ಪೊಲೀಸು, ಕೈಯಲ್ಲಿ ಪಿಸ್ತೂಲು. ಹತ್ತಿರದ ಕಾರಿನವನಿಗೆ ಇಪ್ಪತ್ತೈದೂ ಆಗಿರಲಿಕ್ಕಿಲ್ಲ. ಅದೇ ಕ್ಷಣಕ್ಕೆ ರಾಯರು ಪಿಸ್ತೂಲು ಎಳೆದರು. ಮಂಡಿ ಹೋಗಿದ್ದರೂ ಕೈ ಮಾತ್ರ ಮೊದಲಿನಂತೆಯೇ ಇತ್ತು, ಎಳೆದದ್ದು ಕಣ್ಣಿಗೆ ಕಾಣಲಿಲ್ಲ.

"ಕೆಳಗೆ ಹಾಕು! ಪಿಸ್ತೂಲು ಕೆಳಗೆ ಹಾಕು!"

ಆಗ ನಾನು ಮಾಡಿದ್ದು ಏನು? ಪೊಲೀಸರ ಕಡೆಗೆ ಓಡುತ್ತಾ, ಎರಡೂ ಕೈ ಬೀಸುತ್ತಾ, "ಶೂಟಿಂಗ್! ಓನ್ಲಿ ಶೂಟಿಂಗ್!" ಎಂದು ಕಿರುಚಿದೆ. ತಪ್ಪು ಮಾಡಿದ ಮಾತೇ ಇನ್ನೊಮ್ಮೆ, ಅದಕ್ಕಿಂತ ಗಟ್ಟಿಯಾಗಿ. ಎರಡನೆಯ ಪೊಲೀಸಿನವನ ಪಿಸ್ತೂಲು ನನ್ನ ಕಡೆ ತಿರುಗಿತು. ಅದರ ತುದಿಯ ತೂತು ಎಷ್ಟು ಚಿಕ್ಕದು ಎಂದು ನೋಡಿದ್ದು ನೆನಪಿದೆ. ನಿಂತುಬಿಟ್ಟೆ.

ಹಿಂದಿನಿಂದ ಅತ್ತೆಯ ಸ್ವರ ಬಂತು. ಚಪ್ಪಾಳೆಯೂ.

"ಪೊಲೀಸ್ ಪಾರ್ಟಿನೂ ಕರೆಸಿದ್ದೀಯೇನೇ? ಭೇಷ್! ನನಗೆ ಹೇಳಲೇ ಇಲ್ಲ ನೋಡು!"

ರಾಯರು ತಿರುಗಬೇಕಿತ್ತು. ಹಿಂದಿನಿಂದ ಯಾರೋ ಕೂಗಿದರೆ ಯಾರಾದರೂ ತಿರುಗುತ್ತಾರೆ. ಕೈಯಲ್ಲಿ ಪಿಸ್ತೂಲು ಹಿಡಿದು ಅವರು ತಿರುಗಿದ್ದರೆ ಅದರ ಬಾಯಿ ನೇರವಾಗಿ ಆ ಎಳೆಯ ಪೊಲೀಸಿನ ಎದೆಗೆ ಬರುತ್ತಿತ್ತು. ಅತ್ತೆಯ ಸ್ವರಕ್ಕೆ ಹಿಂದೆ ತಿರುಗಿದ್ದ ನಾನು ಅವರ ಎಡ ಭುಜ ಒಂದಿಷ್ಟು ಅಲುಗಿದ್ದನ್ನು ಕಂಡೆ. ಇವತ್ತಿಗೂ ಕಣ್ಣು ಮುಚ್ಚಿದರೆ ಆ ಭುಜ ಅಲುಗುತ್ತದೆ. ಅಲ್ಲಿಂದ ಮುಂದಕ್ಕೆ ನಾನು ಹೋಗುವುದಿಲ್ಲ.

ಭುಜ ನಿಂತಿತು. ಬೆರಳುಗಳು ಬಿಚ್ಚಿಕೊಂಡವು. ಪಿಸ್ತೂಲು ಟಾರಿನ ಮೇಲೆ ಬಿತ್ತು. ಅವರು ಎರಡು ಕೈಗಳನ್ನೂ ನಿಧಾನವಾಗಿ ಪಕ್ಕಕ್ಕೆ ಚಾಚಿದರು. ಯಜಮಾನರು ಕ್ಯಾಮೆರಾವನ್ನು ಮಗುವಿನಂತೆ ನೆಲಕ್ಕೆ ಮಲಗಿಸಿ ತಾವೂ ಪಕ್ಕದಲ್ಲಿ ಬೋರಲು ಮಲಗಿದ್ದರು.

"ಮಂಡಿ ಊರು! ನೆಲಕ್ಕೆ ಮಲಗು! ಬೇಗ!"

ಆ ಮಂಡಿಗಳು ಬೇಗ ಬಗ್ಗುವವಲ್ಲ. "ಇಳಿಯುತ್ತಿದ್ದೇನೆ ಮಗು, ಮಂಡಿ ಕೇಳುತ್ತಿಲ್ಲ," ಎಂದರು ರಾಯರು. ಸ್ವರ ಒಂದಿಷ್ಟೂ ಏರಲಿಲ್ಲ. ಪೊಲೀಸಿನವನು ಬೇಗ ಬೇಗ ಎಂದು ಕೂಗುತ್ತಲೇ ಇದ್ದ. ಅವರು ಒಂದು ಮಂಡಿ ಊರಿ, ಹಲ್ಲು ಕಚ್ಚಿ ಇನ್ನೊಂದನ್ನು ಊರಿ, ಅಂಗೈ ನೆಲಕ್ಕೆ ಕೊಟ್ಟು ಮುಖ ಕೆಳಗೆ ಮಾಡಿದರು.

ಚಪ್ಪಾಳೆ ನಿಂತಿತ್ತು. ಅತ್ತೆ ಎದ್ದುಬಿಟ್ಟಿದ್ದರು.

"ಅಯ್ಯೋ, ಅವರಿಗೆ ಮಂಡಿನೋವು ಕಣಪ್ಪಾ! ಬಿಸಿಲಲ್ಲಿ ಟಾರು ಕಾದಿರುತ್ತೆ, ಮುದುಕರನ್ನ ಹಾಗೆ ಮಲಗಿಸ್ತಾರಾ!" ಎನ್ನುತ್ತಾ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೆಟ್ಟಗೆ ರಾಯರ ಕಡೆ ನಡೆದರು. ಪಿಸ್ತೂಲು ಬಿದ್ದಿದ್ದ ಕಡೆಗೇ.

"ಅತ್ತೆ, ನಿಂತ್ಕೊಳ್ಳಿ! ಅತ್ತೆ!" ಎಂದು ನಾನು, "ಅಮ್ಮಾ!" ಎಂದು ಯಜಮಾನರು, "ನಿಲ್ಲು! ಅಲ್ಲೇ ನಿಲ್ಲು!" ಎಂದು ಪೊಲೀಸಿನವರು. ಅತ್ತೆ ಯಾರ ಮಾತನ್ನೂ ಕೇಳಲಿಲ್ಲ. ನಾನು ಹೇಳಿದ್ದನ್ನು ಅವರು ಯಾವತ್ತೂ ಕೇಳುತ್ತಿರಲಿಲ್ಲ.

ಆಗ ನೆಲದ ಮೇಲಿದ್ದ ರಾಯರು, ಕೈಯನ್ನು ಟಾರಿನಿಂದ ಎತ್ತದೆ ಅಂಗೈ ಮಾತ್ರ ಅತ್ತೆಯ ಕಡೆ ತೆರೆದು, ಊಟದ ಮೇಜಿನ ಸ್ವರದಲ್ಲಿ ಕೂಗಿದರು: "ಸಾಕು! ಸಾಕು!"

ಅತ್ತೆ ಗಕ್ಕನೆ ನಿಂತರು. ಕೈಯಲ್ಲಿ ಸೌಟಿದ್ದವರ ಹಾಗೆ.

ಆಮೇಲಿನದು ಬೇಗ ಮುಗಿಯಿತು. ಎಳೆಯ ಪೊಲೀಸು ಬಂದು ರಾಯರಿಗೆ ಬೇಡಿ ಹಾಕಿದ, ಇನ್ನೊಬ್ಬ ಪಿಸ್ತೂಲು ಎತ್ತಿ ನೋಡಿ, ಸೀಸ ತುಂಬಿದ ನಳಿಗೆಯನ್ನು ಬೆಳಕಿಗೆ ಹಿಡಿದು ಉಸಿರು ಬಿಟ್ಟ. ನರ್ಸು ಅಳುತ್ತಾ ಹೊರಗೆ ಬಂದಳು. "ಇವಳೇ ಹೇಳಿದ್ದು, ಗಂಡ ಒಬ್ಬ ಮುದುಕನನ್ನು ಶೂಟ್ ಮಾಡುತ್ತಿದ್ದಾನೆ, ಹತ್ತು ನಿಮಿಷದಲ್ಲಿ ಮುಗಿಯುತ್ತೆ ಅಂತ. ನಗುತ್ತಾ ಹೇಳಿದಳು!" ಹಿರಿಯ ಪೊಲೀಸಿಗೆ ಅರ್ಥವಾಗಿ ನಗು ತಡೆಯಲಾಗಲಿಲ್ಲ. ಎಳೆಯವನು ನಗಲಿಲ್ಲ. ಬೇಡಿ ಬಿಚ್ಚಲು ಹೋದ ಅವನ ಕೀಲಿ ಎರಡು ಮೂರು ಸಲ ಬೀಗದ ತೂತು ತಪ್ಪಿತು. "ನಿಧಾನ, ಅವಸರವಿಲ್ಲ," ಎಂದರು ರಾಯರು. ಅವರ ಬಲಗಿವಿ ನರ್ಸಿನ ಕಡೆಗಿತ್ತು. ಅವಳು ಹೇಳಿದ್ದು ಅವರಿಗೆ ಕೇಳಿರಲಿಲ್ಲ. ನಾನು ಆಗಲೇ ಹೇಳಬಹುದಿತ್ತು. ಹೇಳಲಿಲ್ಲ.

ಮುಂದಿನ ಐದು ದಿನ ಅವರ ಕಿಟಕಿಯ ಪರದೆ ಮೇಲೇಳಲಿಲ್ಲ. ಊಟಕ್ಕೆ ಕರೆದರೆ ಬಾಗಿಲ ಸಂದಿನಿಂದಲೇ ಮೈ ಸರಿಯಿಲ್ಲ ಎನ್ನುತ್ತಿದ್ದರು. ಅತ್ತೆಗೆ ಕೊನೆಗೂ ವಿಷಯ ತಿಳಿದಿತ್ತು. ಆರನೆಯ ದಿನ ಬೆಳಿಗ್ಗೆ ಕಾಫಿ ಕುಡಿಯುತ್ತಾ ನನ್ನ ಮುಖ ನೋಡದೆ ಅಂದರು: "ಅವರು ತಮ್ಮದೇ ತಪ್ಪು ಅಂದ್ಕೊಂಡಿದ್ದಾರೆ ಕಣೇ. ನೀನು ಹೋಗಿ ಹೇಳದೆ ಇದ್ದರೆ, ನನಗೆ ಬರೋ ಎರಡು ಇಂಗ್ಲಿಷ್ ಮಾತಲ್ಲಿ ನಾನೇ ಹೋಗಿ ಹೇಳ್ತೀನಿ."

ಹೋದೆ. ಬಾಗಿಲ ಪಕ್ಕದಲ್ಲಿ ಟೋಪಿ, ವೇಸ್ಟ್‌ಕೋಟು, ಬೆಲ್ಟು ಎಲ್ಲ ಒಂದು ರಟ್ಟಿನ ಡಬ್ಬದಲ್ಲಿ ಕಸಕ್ಕೆ ಹೋಗಲು ಸಿದ್ಧವಾಗಿದ್ದವು. ನಾನು ಬಾಯಿ ತೆರೆಯುವ ಮೊದಲೇ ಅವರು ಕ್ಷಮೆ ಕೇಳಿದರು. ಹಗಲು ಹೊತ್ತಿನಲ್ಲಿ ಅಂಥ ಸಾಮಾನು ಹೊರಗೆ ತಂದದ್ದು ಮುದಿ ಜಂಬ, ನಿಮ್ಮ ಅತ್ತೆಗೆ ಏನಾದರೂ ಆಗಿದ್ದರೆ ಎಂದರು. ಐದು ದಿನವೂ ಅವರು ಅದೇ ಯೋಚನೆಯಲ್ಲಿ ಕಳೆದಿದ್ದರು. ನಾನು ಅಡ್ಡ ಬಂದು, ನರ್ಸಿಗೆ ಹೇಳಿದ್ದನ್ನು ಒಂದೊಂದು ಮಾತೂ ಬಿಡದೆ ಹೇಳಿದೆ.

"ಶೂಟಿಂಗ್ ಅಂದಿರಿ."

"ಹೌದು."

"ಗಂಡ ಮಾಡುತ್ತಿದ್ದಾರೆ ಅಂದಿರಿ."

"ಹೌದು."

"ಒಬ್ಬನೇ ಮುದುಕ."

"ಹೌದು."

ಅವರ ಮುಖ ಗಂಟಿಕ್ಕಿಕೊಂಡಿತು. ಬೈಯುತ್ತಾರೆ ಅಂದುಕೊಂಡೆ. ನಕ್ಕುಬಿಟ್ಟರು. ನಗುತ್ತಾ ನಗುತ್ತಾ ಕೆಮ್ಮು ಬಂದು, ಕುರ್ಚಿಯ ತೋಳು ಹಿಡಿದುಕೊಂಡು ಕೂತರು. "ನಲವತ್ತು ವರ್ಷ ನಾವೂ ಅದನ್ನೇ ಅನ್ನುತ್ತಿದ್ದದ್ದು. ನಾಳೆ ಎಷ್ಟು ಹೊತ್ತಿಗೆ ಶೂಟ್ ಮಾಡುತ್ತಾರೆ ಅಂತ ಹೆಂಡತಿ ಕೇಳುತ್ತಿದ್ದಳು, ಊಟ ಕಟ್ಟಿಕೊಡಲು. ಈ ಕಟ್ಟಡದಲ್ಲಿ ನಿಮ್ಮ ಮಾತು ಸರಿಯಾಗಿ ಅರ್ಥವಾಗುತ್ತಿದ್ದವನು ನಾನೊಬ್ಬನೇ. ನೀವು ಅದನ್ನು ಹೋಗಿ ಹೋಗಿ ಅವಳಿಗೆ ಹೇಳಿದಿರಿ!"

ನಗು ನಿಂತ ಮೇಲೆ ಕಣ್ಣೊರೆಸಿಕೊಂಡರು. ಆಮೇಲೆ, "ಇದನ್ನು ಆ ಚಿಕ್ಕ ಪೊಲೀಸಿನವನಿಗೂ ಹೇಳಬೇಕು," ಎಂದರು. "ಅವನೂ ನಮ್ಮ ಹಾಗೇ ತನ್ನದೇ ತಪ್ಪೆಂದು ಕೊರಗುತ್ತಿರುತ್ತಾನೆ."

ಕಾರು ನಾನೇ ಓಡಿಸಿದೆ. ಠಾಣೆಯಲ್ಲಿ ಅವನು ಹೊರಗೆ ಬಂದವನು ನಮ್ಮಿಬ್ಬರನ್ನು ನೋಡಿ ಬಿಳಿಚಿಕೊಂಡ, ದೂರು ಕೊಡಲು ಬಂದೆವೆಂದು. ನಾನು ಮತ್ತೊಮ್ಮೆ ಎಲ್ಲ ಹೇಳಿದೆ. ನಮ್ಮ ದೇಶದಲ್ಲಿ ಆ ಮಾತಿಗೆ ಏನರ್ಥ ಎಂದೂ ಹೇಳಿದೆ. ಅವನು ತಲೆ ತಗ್ಗಿಸಿ ಕೇಳಿದ. ಕೇಳಿ ಮುಗಿದ ಮೇಲೆ ನನ್ನನ್ನು ಬಿಟ್ಟು ರಾಯರನ್ನು ಕೇಳಿದ.

"ನೀವು ಯಾಕೆ ತಿರುಗಲಿಲ್ಲ ಸರ್?"

"ತಿರುಗುವುದರಲ್ಲಿದ್ದೆ. ಆಗ ಇವರ ಗಂಡನ ಮುಖ ನೋಡಿದೆ. ಹೆದರುವ ನಟರನ್ನು ಬೇಕಾದಷ್ಟು ನೋಡಿದ್ದೇನೆ. ಆ ಮುಖ ಯಾವ ನಟನಿಗೂ ಬರುವುದಿಲ್ಲ."

"ತಿರುಗಿದ್ದರೆ ನಾನು ಹೊಡೆಯುತ್ತಿದ್ದೆ."

"ಗೊತ್ತು," ಎಂದರು ರಾಯರು. "ಅದು ನಿನ್ನ ತಪ್ಪಾಗುತ್ತಿರಲಿಲ್ಲ."

"ನನ್ನದಾಗುತ್ತಿತ್ತು," ಎಂದೆ ನಾನು.

ಇಬ್ಬರೂ ನನ್ನ ಕಡೆ ನೋಡಿದರು. ಇಲ್ಲ ಎಂದು ಯಾರೂ ಹೇಳಲಿಲ್ಲ, ಸಮಾಧಾನಕ್ಕೆಂದು ಕೂಡ. ಆ ಹೊತ್ತಿಗೆ ನನಗೆ ಬೇಕಾಗಿದ್ದದ್ದು ಅಷ್ಟೇ ಎಂದು ಈಗ ಅನಿಸುತ್ತದೆ. ಪೊಲೀಸಿನವನು ರಾಯರ ಕೈ ಕುಲುಕಿ, ನನ್ನ ಕಡೆಗೂ ಕೈ ಚಾಚಿದ. ಹಿಡಿದೆ. ಅಂಗೈ ಬೆವೆತಿತ್ತು. ನನ್ನದೂ ಬೆವೆತಿತ್ತು.